ಮಟ್ಟದಕ್ಕ ‘ಸರಿ’ ಎಂದರೆ ಮಾತ್ರ

ಬೆಳಗಿನ ಐದೂಮುಕ್ಕಾಲು. ಬೇಕರಿಯ ಹಿಂದಿನ ಅಂಗಳದಲ್ಲಿ ಐವತ್ತೆಂಟು ವರ್ಷದ ಹೆಂಗಸೊಬ್ಬರು ಗಂಡಸರ ಹಳೆಯ ಅಂಗಿಯ ತೋಳು ಮಡಚಿಕೊಂಡು ಕಸ ಗುಡಿಸುತ್ತಿದ್ದಾರೆ. ಪೇಪರ್ ಹಾಕಲು ಬಂದವನು ಗೇಟಿನಾಚೆಯಿಂದಲೇ, “ಅಮ್ಮಾ, ನಿಮ್ಮ ಯಜಮಾನರಿಗೆ ಕೊಟ್ಟುಬಿಡಿ” ಎಂದು ಪೇಪರ್ ಚಾಚುತ್ತಾನೆ. ಇವರು ಅದನ್ನು ಇಸಿದುಕೊಂಡು ಮೆಟ್ಟಿಲ ಮೇಲಿಡುತ್ತಾರೆ. ಮತ್ತೆ ಬಗ್ಗಿ, ಬ್ರೆಡ್ ಸಾಗಿಸುವ ವ್ಯಾನಿನ ಸುತ್ತ ಮೊಳದುದ್ದವೂ ಬಿಡದೆ ಗುಡಿಸುತ್ತಾರೆ.

ಅವರಿಗೆ ಸಿಗಬೇಕಾದದ್ದು ಹರಳುಕಲ್ಲು. ಮೂರು ಸಿಗುತ್ತವೆ. ಅಂಗೈ ಮೇಲಿಟ್ಟು ತೋರಿಸುತ್ತಾರೆ.

“ಜಾಕ್ ಮೇಲೇಳುವಾಗ ನೆಟ್ಟಗೆ ಏಳಲ್ಲ ನೋಡಿ, ಕಮಾನಿನ ಹಾಗೆ ಏಳತ್ತೆ. ಅದಕ್ಕೇ ಅದರ ಗಾಲಿ ಸ್ವಲ್ಪ ಹಿಂದೆ ಮುಂದೆ ಉರುಳಬೇಕು. ಗಾಲಿಗೆ ಇಂಥದ್ದೊಂದು ಕಲ್ಲು ಅಡ್ಡ ಬಂತೋ, ಜಾಕ್ ಬರಲ್ಲ, ಗಾಡೀನೇ ಎಳ್ಕೊಳ್ಳತ್ತೆ. ಕಡಲೆಕಾಳಿನಷ್ಟು ಕಲ್ಲು ಸಾಕು, ಕೂತ ಗಾಡಿ ಜಾರೋಕೆ.”

ಬಡಾವಣೆಯಲ್ಲಿ ಇವರ ಹೆಸರು ಗೊತ್ತಿರುವವರು ಕಡಿಮೆ. ಎಲ್ಲರಿಗೂ ಇವರು ಮಟ್ಟದಕ್ಕ. ತಮ್ಮ ಕಾರು, ವ್ಯಾನುಗಳನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರು ಗಾಡಿಯಡಿ ಇಳಿಯುವ ಮೊದಲು ಇವರನ್ನು ಕರೆಯುತ್ತಾರೆ. ರಿಪೇರಿ ಇವರ ಕೆಲಸವಲ್ಲ, ಸ್ಪ್ಯಾನರ್ ಮುಟ್ಟುವುದೂ ಇಲ್ಲ. ಗಾಡಿಯನ್ನು ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಮಟ್ಟಸವಾಗಿ ಎತ್ತಿ ಕೂರಿಸಿ, ಕೆಲಸ ಮುಗಿಯುವವರೆಗೂ ಪಕ್ಕದಲ್ಲಿದ್ದು, ಮತ್ತೆ ನೆಲಕ್ಕೆ ಇಳಿಸಿ ಹೋಗುತ್ತಾರೆ. ಕೊಳಾಯಿ ರಿಪೇರಿಯವರು ಪಡೆಯುವಷ್ಟೇ ಕೂಲಿ.

ಇವತ್ತು ವ್ಯಾನಿಗೆ ಗೇರ್‌ಬಾಕ್ಸಿನ ಆಯಿಲ್ ಬದಲಿಸಬೇಕು. ಗೇರ್‌ಬಾಕ್ಸಿನ ಪಕ್ಕದಲ್ಲೊಂದು ತೂತಿರುತ್ತದೆ. ಆಯಿಲ್ ತುಂಬಿ ಅದರಿಂದ ತೊಟ್ಟಿಕ್ಕಿದರೆ ಅಳತೆ ಸರಿಯಾಯಿತೆಂದು ಅರ್ಥ. ಗಾಡಿಯ ಮೂತಿ ಮಾತ್ರ ಎತ್ತಿದ್ದರೆ ಈ ಅಳತೆ ಸುಳ್ಳಾಗುತ್ತದೆ. ಆದ್ದರಿಂದ ನಾಲ್ಕೂ ಮೂಲೆ ಒಂದೇ ಮಟ್ಟಕ್ಕೆ ಏಳಬೇಕು. ಈ ಅಂಗಳವೋ ಚರಂಡಿಯ ಕಡೆಗೆ ಎರಡು ಬೆರಳು ಇಳಿಜಾರು.

ಬೇಕರಿಯವರು ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಾರೆ. ಒಲೆಯಿಂದ ಎರಡನೇ ಸುತ್ತಿನ ಬ್ರೆಡ್ ಇಳಿದಾಗಿದೆ. ಎಂಟು ಗಂಟೆಗೆ ವ್ಯಾನು ಹೊರಡಲೇಬೇಕು.

“ಅಕ್ಕ, ಬೇಗ ಆಗತ್ತಾ?”

“ಬೇಗ ಬೇಕಾ, ಸರಿಯಾಗಿ ಬೇಕಾ?”

“ಎರಡೂ ಬೇಕು.”

“ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ. ನಿಮ್ಮ ಬುದ್ಧಿ ಎಷ್ಟು ಮಟ್ಟ ಇದ್ರೂ ಪರವಾಗಿಲ್ಲ ಕಣಪ್ಪ, ಗಾಡಿ ಮಟ್ಟ ಇರ್ಲಿ.”

ಅಂಗಳದ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತ ಅವರ ತಮ್ಮ ಕಿಸಕ್ಕೆಂದು ನಗುತ್ತಾರೆ. ಐವತ್ತರ ಆಸುಪಾಸಿನ, ಊರುಗೋಲು ಹಿಡಿದ ಈ ತಮ್ಮ ಅಕ್ಕನ ಜೊತೆ ಎಲ್ಲ ಮನೆಗೂ ಬರುತ್ತಾರೆ. ಫೋನು ಎತ್ತುವುದು, ಹೊತ್ತು ಗೊತ್ತು ಮಾಡುವುದು, ಮಟ್ಟ ನೋಡುವ ನೀರಿನ ಪೈಪಿನ ಇನ್ನೊಂದು ತುದಿ ಹಿಡಿಯುವುದು ಅವರ ಪಾಲು.

ಮಟ್ಟದಕ್ಕನ ಕೆಲಸಕ್ಕೆ ಒಂದು ಕ್ರಮವಿದೆ. ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯುವುದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ಬೆಣೆ ಒತ್ತುವುದು. ಮುಂದನ್ನು ಒಂದು ಗೇಣು ಎತ್ತಿ, ಕಂಪನಿಯವರೇ ಗುರುತು ಹಾಕಿದ ಗಟ್ಟಿ ಜಾಗ ನೋಡಿ ಎರಡು ಸ್ಟ್ಯಾಂಡು ಕೊಡುವುದು. ಆಮೇಲೆ ಹಿಂದನ್ನು ಅಷ್ಟೇ ಎತ್ತುವುದು. ಮತ್ತೆ ಮುಂದೆ, ಮತ್ತೆ ಹಿಂದೆ. ಒಂದೇ ಏಟಿಗೆ ಒಂದು ತುದಿಯನ್ನು ಪೂರ್ತಿ ಎತ್ತಿದರೆ ಇನ್ನೊಂದು ತುದಿಯ ಸ್ಟ್ಯಾಂಡು ವಾಲುತ್ತದೆ. “ನಾಲ್ಕೂ ಚಕ್ರ ನೆಲ ಬಿಟ್ಟ ಮೇಲೆ ಹ್ಯಾಂಡ್‌ಬ್ರೇಕು, ಗೇರು ಎಲ್ಲ ಹೆಸರಿಗಷ್ಟೇ. ಆಮೇಲೆ ಗಾಡಿನ ಹಿಡಿಯೋದು ಸ್ಟ್ಯಾಂಡ್ ಒಂದೇ. ಜಾಕ್ ಇರೋದು ಎತ್ತೋಕೆ, ಹೊರೋಕಲ್ಲ.”

ಈ ಕ್ರಮವನ್ನು ಅವರು ಕಲಿತದ್ದು ಕಾರುಗಳಿಂದಲ್ಲ, ಮನೆಗಳಿಂದ. ಮೂವತ್ತಮೂರನೇ ವಯಸ್ಸಿನಲ್ಲಿ ಅವರು ಇಟ್ಟಿಗೆ ಹೊರುವ ಕೆಲಸಕ್ಕೆ ಸೇರಿದ್ದು ಮನೆ ಎತ್ತುವ ತಂಡವೊಂದರಲ್ಲಿ. ರಸ್ತೆ ಎತ್ತರವಾಗಿ ತಗ್ಗಿಗೆ ಬಿದ್ದ ಮನೆಗಳನ್ನು, ಗೋಡೆ ಚಾವಣಿ ಸಮೇತ, ಇನ್ನೂರು ಮುನ್ನೂರು ಜಾಕ್ ಕೊಟ್ಟು ಇಂಚಿಂಚೇ ಮೇಲೆತ್ತುವ ತಂಡ ಅದು. ಒಂದು ದಿನ ಇಟ್ಟಿಗೆಯ ಬುಟ್ಟಿ ಹೊತ್ತು ನಿಂತಲ್ಲಿಂದಲೇ, “ಮೇಸ್ತ್ರಿಗಳೇ, ಆ ಮೂಲೆ ಇಳೀತಿದೆ” ಎಂದರಂತೆ. ಮೇಸ್ತ್ರಿ ರಸಮಟ್ಟ ಇಟ್ಟು ನೋಡಿದರೆ ಅದರ ಗುಳ್ಳೆ ಒಂದು ಎಳೆಯಷ್ಟು ಸರಿದಿತ್ತು. ಮಾರನೇ ದಿನದಿಂದ ಬುಟ್ಟಿ ಇಳಿಯಿತು, ನೀರಿನ ಪೈಪು ಕೈಗೆ ಬಂತು. ಪ್ರತಿ ಸುತ್ತಿಗೂ ಪೈಪಿನ ನೀರು ನೋಡಿ ಇವರು “ಸರಿ” ಎಂದು ಕೂಗಬೇಕು. ಕೂಗಿದ ಮೇಲಷ್ಟೇ ಎಲ್ಲರೂ ಒಟ್ಟಿಗೆ ಜಾಕ್ ತಿರುಗಿಸಬೇಕು. ಹೀಗೆ ಹನ್ನೊಂದು ವರ್ಷ. ಅವರು ಮಟ್ಟ ಹಿಡಿದ ಒಂದು ಮನೆಯ ಗೋಡೆಯೂ ಬಿರುಕು ಬಿಡಲಿಲ್ಲ.

ಮುಂದಿನದನ್ನು ಹೇಳುವಾಗ ಅವರ ಮಾತು ನಿಧಾನವಾಗುತ್ತದೆ. ಹದಿನಾಲ್ಕು ವರ್ಷದ ಹಿಂದೆ, ಒಂದು ರಜೆಯ ದಿನ. ತಮ್ಮ ಆಗ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮನೆಯ ಮುಂದೆ ತಮ್ಮದೇ ಹಳೆಯ ಕಾರನ್ನು ಎತ್ತಿಕೊಂಡು ಕೂತಿದ್ದ. ಒಂದು ಸ್ಟ್ಯಾಂಡು ಕಡಿಮೆಯಿತ್ತು. “ಅಕ್ಕಾ, ಏನಾದ್ರೂ ಕೊಡು” ಎಂದ. ಕಾಂಪೌಂಡ್ ಕಟ್ಟಿ ಉಳಿದಿದ್ದ ಸಿಮೆಂಟಿನ ಪೊಳ್ಳು ಇಟ್ಟಿಗೆಯೊಂದನ್ನು ಅಕ್ಕ ತಂದು, ಕಾರಿನಡಿ ಕೊಟ್ಟು, ಮೇಲೆ ರಸಮಟ್ಟ ಇಟ್ಟು ನೋಡಿದರು.

“ಗುಳ್ಳೆ ನಟ್ಟನಡುವೆ ನಿಂತಿತ್ತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಸರಿ ಅಂದೆ. ನಾನು ಮಟ್ಟ ನೋಡಿದೆ, ಇಟ್ಟಿಗೇನ ನೋಡ್ಲಿಲ್ಲ. ಪೊಳ್ಳಿಟ್ಟಿಗೆ ಗೋಡೆಗೆ ಸರಿ, ಗಾಡಿಗಲ್ಲ ಅಂತ ಹನ್ನೊಂದು ವರ್ಷ ಆ ಕೆಲಸದಲ್ಲಿದ್ದವಳಿಗೆ ಗೊತ್ತಿರಬೇಕಿತ್ತು.”

ತಮ್ಮ ಒಳಗೆ ಮಲಗಿ, ಬಿಗಿದ ಬೋಲ್ಟೊಂದನ್ನು ಜಗ್ಗಿದ. ಇಟ್ಟಿಗೆ ಮಂಡಕ್ಕಿಯಂತೆ ಪುಡಿಯಾಯಿತು. ಓಡಾಟಕ್ಕೆ ಅಡ್ಡವೆಂದು ಅವನೇ ಕಾರಿನಡಿ ತಳ್ಳಿದ್ದ ಬಿಚ್ಚಿದ ಚಕ್ರವೊಂದು ಭಾರವನ್ನು ಅರ್ಧಕ್ಕೆ ತಡೆದದ್ದರಿಂದ ಜೀವ ಉಳಿಯಿತು. ಸೊಂಟ, ತೊಡೆ ಮುರಿದವು. ಏಳು ತಿಂಗಳು ಹಾಸಿಗೆ.

“ನನ್ನನ್ನ ಒಂದು ಮಾತು ಅನ್ಲಿಲ್ಲ ಇವನು,” ಎನ್ನುತ್ತಾರೆ ಅಕ್ಕ. “ಅಂದಿದ್ರೆ ಹಗುರ ಆಗ್ತಿತ್ತು.”

“ಅನ್ನೋಕೆ ಹೋಗ್ತಿದ್ದೆ,” ತಮ್ಮ ಊರುಗೋಲನ್ನು ಆ ಕೈಯಿಂದ ಈ ಕೈಗೆ ಬದಲಿಸುತ್ತಾರೆ, “ಗಂಜಿ ಕುಡಿಸ್ತಾ ಅಳ್ತಿದ್ಲು. ಗಂಜಿಗೆ ಉಪ್ಪು ಜಾಸ್ತಿ ಆಯ್ತು ಅಂದೆ ಅಷ್ಟೇ.”

ತಮ್ಮ ಎದ್ದು ಕೂರುವ ಹೊತ್ತಿಗೆ ಅಕ್ಕ ತಂಡಕ್ಕೆ ಮರಳಿದರು. ಮನೆಯ ಸುತ್ತ ಜಾಕ್ ಹಿಡಿದ ಅರವತ್ತು ಜನ ಇವರ ಬಾಯಿ ನೋಡುತ್ತಿದ್ದಾರೆ. ಪೈಪಿನ ನೀರು ಸರಿಯಾಗಿಯೇ ಇದೆ. ಆದರೆ ‘ಸರಿ’ ಎನ್ನಲು ಇವರಿಗೆ ಆಗಲಿಲ್ಲ. ಮೇಸ್ತ್ರಿ ಕಾದರು, ಮತ್ತೆ ಕಾದರು. ಇವರು ಪೈಪನ್ನು ಸುತ್ತಿ ಅವರ ಕೈಗಿಟ್ಟು ಮನೆಗೆ ನಡೆದರು. ಆಮೇಲೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸ.

ಎರಡು ವರ್ಷ ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಕ್ಯಾಂಟೀನಿಗೆ ಹೋಗುವ ದಾರಿಯಲ್ಲಿ ಇದೇ ಬೇಕರಿಯ ಹಿಂದೆ, ಇದೇ ಅಂಗಳದಲ್ಲಿ, ಒಂದೇ ಒಂದು ಜಾಕಿನ ಮೇಲೆ ನಿಂತ ವ್ಯಾನಿನಡಿಯಿಂದ ಎರಡು ಕಾಲು ಹೊರಚಾಚಿದ್ದು ಕಂಡಿತು. ಉಳಿದ ಕಥೆಯನ್ನು ಬೇಕರಿಯವರ ಹೆಂಡತಿಯೇ ಹೇಳಬೇಕು.

“ನಾನು ಅಡುಗೆಮನೆ ಕಿಟಕೀಲಿ ನಿಂತಿದ್ದೆ. ಯಾರೋ ಹೆಂಗಸು ಗೇಟು ತೆಗೆದು ಒಳಗೆ ಬಂದು ನಮ್ಮವರ ಕಾಲು ಹಿಡ್ಕೊಂಡ್ರು. ಏನೋ ಬೇಡ್ಕೊಳ್ಳೋಕೆ ಬಂದವರು ಅಂದ್ಕೊಂಡೆ. ನೋಡಿದ್ರೆ ದರದರ ಎಳೀತಿದಾರೆ. ನಮ್ಮವರು ಎದ್ದವರೇ ಕೂಗಾಡಿದ್ರು: ನನ್ನ ಗಾಡಿ, ನನ್ನ ಅಂಗಳ, ಕೇಳೋಕೆ ನೀನ್ಯಾರು ಅಂತ. ಇವರು ಒಂದೇ ಮಾತು ಹೇಳಿದ್ದು. ಒಂದು ಸಲ ಗಾಡಿನ ತಳ್ಳಿ ತೋರ್ಸಿ, ಅಲ್ಲಾಡದಿದ್ರೆ ನಾನು ಹೋಗ್ತೀನಿ ಅಂತ.”

ಸಿಟ್ಟಿನಲ್ಲಿದ್ದ ಬೇಕರಿಯವರು ಭುಜ ಕೊಟ್ಟು ತಳ್ಳಿದರು. ಜಾಕ್ ಮಗುಚಿತು. ವ್ಯಾನು ಅವರ ಎದೆಯಿದ್ದ ಜಾಗದ ಮೇಲೆ ಕುಸಿದು ಕೂತಿತು. ಬೇಕರಿಯವರು ಮೆಟ್ಟಿಲ ಮೇಲೆ ಕೂತರು. ಹೆಂಡತಿ ನೀರು ತಂದುಕೊಟ್ಟದ್ದು ಗಂಡನಿಗಲ್ಲ, ಮಟ್ಟದಕ್ಕನಿಗೆ.

ಆ ಸಂಜೆ ತಮ್ಮ ಸುದ್ದಿ ಕೇಳಿದ. ಮಾರನೇ ದಿನ ಊರುಗೋಲು ಊರಿಕೊಂಡು ಬಸ್ಸು ಹತ್ತಿ ಹೋಗಿ, ನಾಲ್ಕು ಕಬ್ಬಿಣದ ಸ್ಟ್ಯಾಂಡು ತಂದು ಅಕ್ಕನ ಮುಂದಿಟ್ಟ. “ಪಾತ್ರೆ ತೊಳೆಯೋಕೆ ಬೇರೆಯವರು ಸಿಗ್ತಾರೆ. ಇದಕ್ಕೆ ನೀನೇ ಆಗ್ಬೇಕು.”

ಇನ್ನೊಂದು ವರ್ಷ ಕಳೆದ ಮೇಲೆ ಅವರ ಸ್ವಂತ ಕಾರಿಗೂ ಆಯಿಲ್ ಬದಲಿಸುವ ಸರದಿ ಬಂತು. ತಾನೇ ಕೆಳಗಿಳಿಯುತ್ತೇನೆಂದು ತಮ್ಮ ಹಟ ಹಿಡಿದ. ಅಕ್ಕ ಎತ್ತಿದರು. ಮುಂದಿನಿಂದ ತಳ್ಳಿದರು, ಹಿಂದಿನಿಂದ ತಳ್ಳಿದರು, ಪಕ್ಕದಿಂದ ತಳ್ಳಿದರು. ಮತ್ತೆ ಮೊದಲಿಂದ ಶುರುಮಾಡಿದರು. “ಅಕ್ಕ, ಇನ್ನು ತಳ್ಳಿದ್ರೆ ಪಕ್ಕದ ಬೀದಿಗೆ ಹೋಗತ್ತೆ, ಸಾಕು ಬಿಡು” ಎಂದು ಅವನು ಕೆಳಗೆ ಸರಿದ. ಹದಿನೆಂಟು ನಿಮಿಷ ಅವನು ಒಳಗಿದ್ದ. ಅಷ್ಟೂ ಹೊತ್ತು ಅಕ್ಕ ನೆಲದ ಮೇಲೆ ಕೂತು ಅವನ ಹಿಮ್ಮಡಿ ಹಿಡಿದುಕೊಂಡಿದ್ದರು.

“ಬಿಡು, ಕಚಗುಳಿ ಆಗತ್ತೆ ಅಂದೆ. ಬಿಡ್ಲಿಲ್ಲ,” ಎನ್ನುತ್ತಾರೆ ತಮ್ಮ.

ಈಗ ವಾರಕ್ಕೆ ಒಂಬತ್ತು, ಹತ್ತು ಮನೆ. ಎತ್ತಿ ಕೂರಿಸಲು ನಲವತ್ತು ನಿಮಿಷ, ಇಳಿಸಲು ಅರ್ಧ ಗಂಟೆ. ಮೂವತ್ತು ಕಿಲೋದ ಜಾಕ್, ಆರು ಸ್ಟ್ಯಾಂಡು, ಎಂಟು ಬೆಣೆ, ದಪ್ಪ ಪ್ಲೈವುಡ್ಡಿನ ಹಲಗೆಗಳು, ಕೆಂಪು ಇಂಕು ಬೆರೆಸಿದ ನೀರಿನ ಮೂವತ್ತಡಿ ಪೈಪು, ಪೊರಕೆ. ಇಷ್ಟನ್ನೂ ದಿನಕ್ಕೆ ಎರಡು ಬಾರಿ ಕಾರಿನ ಡಿಕ್ಕಿಯಿಂದ ಇಳಿಸಿ ಏರಿಸಿ ಮೊಣಕಾಲು ಸವೆದಿದೆ. ಇಳಿಜಾರು ಹೆಚ್ಚಿದ್ದರೆ, ನೆಲ ಮೆತ್ತಗಿದ್ದರೆ ಎಷ್ಟು ಕೇಳಿಕೊಂಡರೂ ಎತ್ತುವುದಿಲ್ಲ. ಹಾಗೆ ವಾಪಸು ಬಂದ ಮನೆಗಳೂ ಬೇಕಾದಷ್ಟಿವೆ. “ಬೈಸ್ಕೊಂಡು ಬರೋದೂ ಕೆಲಸವೇ,” ಎನ್ನುತ್ತಾರೆ.

ಅಂಗಳದಲ್ಲಿ ವ್ಯಾನು ಎದ್ದು ನಿಂತಿದೆ. ಇಳಿಜಾರಿನ ಕಡೆಯ ಸ್ಟ್ಯಾಂಡುಗಳ ಅಡಿಗೆ ಹಲಗೆ ಕೊಟ್ಟಿದ್ದಾರೆ. ಅಕ್ಕ ಮುಂದೆ, ತಮ್ಮ ಹಿಂದೆ ಪೈಪು ಹಿಡಿದಿದ್ದಾರೆ. ಕೆಂಪು ನೀರು ಎರಡೂ ಕಡೆ ವ್ಯಾನಿನ ಮೇಲೆಳೆದ ಸೀಮೆಸುಣ್ಣದ ಗೆರೆ ಮುಟ್ಟಿ ನಿಲ್ಲುತ್ತದೆ. ಬೇಕರಿಯವರು ಒಂದು ಕಣ್ಣು ಗಡಿಯಾರದ ಮೇಲಿಟ್ಟು, ನೆಲಕ್ಕೆ ರಟ್ಟು ಹಾಸುತ್ತಾರೆ.

“ತಡೀರಿ.” ಅಕ್ಕ ಒಂದೊಂದೇ ಸ್ಟ್ಯಾಂಡನ್ನು ಕೈಯಲ್ಲಿ ಹಿಡಿದು ತಿರುಚಿ ನೋಡುತ್ತಾರೆ. ಮೂರು ಬಂಡೆಯಂತೆ ಕೂತಿವೆ. ಹಿಂದಿನ ಎಡಗಡೆಯದು ಮಾತ್ರ ತುಸು ಮಿಸುಕುತ್ತದೆ.

“ಮಟ್ಟ ಸರಿ ಇದೆಯಲ್ಲ ಅಕ್ಕ. ನೀರು ನೀವೇ ನೋಡಿದ್ರಿ.”

“ನೀರು ಸರಿ ಇದೆ. ಈ ಕಾಲು ಭಾರ ಹೊತ್ತಿಲ್ಲ. ಮೂರು ಕಾಲಿನ ಸ್ಟೂಲು ಎಲ್ಲಿಟ್ರೂ ಕೂರತ್ತೆ, ನಾಲ್ಕು ಕಾಲಿನದರಲ್ಲಿ ಒಂದು ಸೋಮಾರಿ ಆಗತ್ತೆ. ನೀವು ಒಳಗಿದ್ದಾಗ ಅದಕ್ಕೆ ಎಚ್ಚರ ಆಗೋದು ಬೇಡ.”

ಮತ್ತೆ ಜಾಕ್ ಒಳಗೆ ಹೋಗುತ್ತದೆ. ಹಿಂಭಾಗ ಬೆರಳಷ್ಟು ಏಳುತ್ತದೆ, ಹಲಗೆಯ ಮೇಲೆ ತೆಳು ತಗಡೊಂದು ಸೇರುತ್ತದೆ, ಭಾರ ಮೆಲ್ಲಗೆ ಇಳಿಯುತ್ತದೆ. ತಿರುಚಿ ನೋಡಿದರೆ ನಾಲ್ಕೂ ಗಟ್ಟಿ. ಪೈಪು ಮತ್ತೊಮ್ಮೆ ಹಿಡಿಯುತ್ತಾರೆ. ಬೇಕರಿಯವರೂ ಭುಜ ಕೊಟ್ಟು, ಇಬ್ಬರೂ ನಾಲ್ಕು ದಿಕ್ಕಿನಿಂದ ತಳ್ಳುತ್ತಾರೆ. ವ್ಯಾನು ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಕಡೆಗೆ ವ್ಯಾನಿನ ಎರಡೂ ಮಗ್ಗುಲಿಗೆ ಒಂದೊಂದು ಬಿಡಿ ಚಕ್ರವನ್ನು ಮಲಗಿಸಿ ಒಳಗೆ ತಳ್ಳಿ, ಅಕ್ಕ ಎದ್ದು ನಿಂತು ಅಂಗಿಗೆ ಕೈ ಒರೆಸಿಕೊಳ್ಳುತ್ತಾರೆ.

“ಸರಿ.”

ಬೇಕರಿಯವರು ಕೆಳಗೆ ಸರಿಯುತ್ತಾರೆ.

ಅವರು ಆಯಿಲ್ ಇಳಿಸುತ್ತಿರುವಾಗ, ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅಕ್ಕ ನಾಚಿಕೊಳ್ಳುತ್ತಾರೆ. ಬಡಾವಣೆಯ ಗ್ರಂಥಾಲಯದ ಹಿಂದೆ ಕಾಂಕ್ರೀಟು ಹಾಕಿದ ಖಾಲಿ ಜಾಗವೊಂದಿದೆ. ಅದನ್ನು, ಗಾಡಿ ಎತ್ತಲು ಮನೆಯಲ್ಲಿ ಸರಿಯಾದ ನೆಲವಿಲ್ಲದವರಿಗೆ ಬಿಟ್ಟುಕೊಡಿ ಎಂದು ಅಕ್ಕ, ತಮ್ಮ ಸೇರಿ ಅರ್ಜಿ ಬರೆದಿದ್ದಾರೆ. ಹೋದ ವಾರ ಇಬ್ಬರೂ ಪೈಪು ಹಿಡಿದು ಅಳೆದೂ ಬಂದಿದ್ದಾರೆ.

“ಒಂದೂವರೆ ಬೆರಳು ಇಳಿಜಾರಿದೆ, ಅದನ್ನ ನಾವೇ ಸರಿ ಮಾಡ್ಕೊಳ್ತೀವಿ. ಜಾಗ ಕೊಟ್ರೆ ಸಾಕು. ಜನ ಬಂದು ಅವರವರ ಗಾಡಿ ಅವರವರೇ ಎತ್ಕೊಳ್ಳೋದು ಕಲೀಲಿ. ನನ್ನ ಕರೀಬೇಕಾಗಿಲ್ಲ. ನಾನು ಒಂದು ಪಕ್ಕದಲ್ಲಿ ಕೂತಿರ್ತೀನಿ, ಕೇಳಿದ್ರೆ ಹೇಳ್ತೀನಿ.”

“ಕೇಳದಿದ್ರೂ ಹೇಳ್ತಾಳೆ,” ಎನ್ನುತ್ತಾರೆ ತಮ್ಮ.

ಅಕ್ಕ ಒಂದು ಕ್ಷಣ ಯೋಚಿಸುತ್ತಾರೆ. “ಹೌದು,” ಎನ್ನುತ್ತಾರೆ, “ಕೇಳದಿದ್ರೂ ಹೇಳ್ತೀನಿ.”