ಕೆಂಪ, ಬೋಳ ಮತ್ತು ನೀವು ತಂದ ಟೀಮು

ನಾನು ಚಿಕ್ಕವಳಿದ್ದಾಗ ನಮ್ಮ ತೊಣ್ಣೂರಿನಲ್ಲಿ ಇಂಗ್ಲಿಷಿನ ಒಂದು ಪದವೂ ಯಾರ ಬಾಯಲ್ಲೂ ಇರಲಿಲ್ಲ. ಮೊಮ್ಮಕ್ಕಳಾ, ನೀವು ಅಣ್ಣತಮ್ಮಂದಿರಾದರೋ ಪಟ್ಟಣದ ಶಾಲೆಯಿಂದ ದಿನಕ್ಕೊಂದು ಪದ ಹೊತ್ತು ತರುತ್ತೀರಿ. ನಿನ್ನೆ ತಂದದ್ದು ‘ಟೀಮು’. ಒಟ್ಟಿಗೆ ಸೇರಿ ಕೆಲಸ ಮಾಡುವವರಿಗೆ ಆ ಹೆಸರಂತೆ. ಬಹಳ ಹಿಂದೆ ಅದಕ್ಕೆ ಒಂದು ಮನೆಯಲ್ಲಿ ಹುಟ್ಟಿದ ಮಕ್ಕಳು ಅಂತ ಅರ್ಥವಿತ್ತಂತೆ. ಆಮೇಲೆ ಒಂದು ನೊಗಕ್ಕೆ ಕಟ್ಟಿದ ಎತ್ತುಗಳನ್ನೂ ಹಾಗೆ ಕರೆದರಂತೆ. ಕೊನೆಗೆ ಜೊತೆಯಾಗಿ ದುಡಿಯುವ ಮನುಷ್ಯರಿಗೂ ಅದೇ ಹೆಸರು ಬಂತಂತೆ. ಮೇಷ್ಟರು ಹೇಳಿದ್ದನ್ನು ನೀವು ಒಪ್ಪಿಸಿದಾಗ ನಾನು ನಕ್ಕೆ, ನಿಮಗೆ ಕೋಪ ಬಂತು. ಯಾಕೆ ನಕ್ಕೆ ಅಂತ ಈಗ ಕೇಳಿ.

ನಮ್ಮಪ್ಪ ಬಡಗಿ, ದೊಡ್ಡಪ್ಪ ಕಮ್ಮಾರ. ಅಪ್ಪ ನೇಗಿಲು ಕೆತ್ತಿದರೆ ದೊಡ್ಡಪ್ಪ ಅದಕ್ಕೆ ಕಬ್ಬಿಣದ ಕುಳ ಬಡಿಯುತ್ತಿದ್ದರು. ಒಂದು ಸಲ ಯಾರದೋ ಹೊಲದಲ್ಲಿ ಕುಳ ಕಳಚಿ ಬಿತ್ತು. ಮರ ಹಸಿಯಿತ್ತು ಅಂದರು ದೊಡ್ಡಪ್ಪ. ಕುಳ ಸಡಿಲವಿತ್ತು ಅಂದರು ಅಪ್ಪ. ಅಷ್ಟೇ ನೋಡಿ. ಇಬ್ಬರಿಗೂ ಮಾತು ನಿಂತಿತು, ಅಂಗಳದ ನಡುವೆ ಮೊಣಕಾಲೆತ್ತರದ ಮಣ್ಣಿನ ಗೋಡೆ ಎದ್ದಿತು, ಇದ್ದ ಒಂದು ಜೋಡಿ ಎತ್ತೂ ಪಾಲಾಯಿತು. ಕೆಂಪ ನಮಗೆ, ಬೋಳ ಅವರಿಗೆ. ಒಂಟಿ ಎತ್ತು ಇಟ್ಟುಕೊಂಡು ಯಾರು ಏನು ಉಳುತ್ತಾರೆ? ಅಪ್ಪ ಪಕ್ಕದ ಮನೆಯ ಎತ್ತನ್ನು ತಂದು ಜೊತೆಗೆ ಹೂಡಿದರು. ನೊಗ ಹೆಗಲಿಗೆ ಬಿದ್ದದ್ದೇ ತಡ, ಕೆಂಪ ಕಾಲು ಮಡಿಸಿ ಮಲಗಿಬಿಟ್ಟ. ಬೋಳನೂ ಆ ಕಡೆ ಅದೇ ಆಟ ಹೂಡಿದ. ಸಂಜೆಯಾದರೆ ಇಬ್ಬರೂ ಗೋಡೆಯ ಮೇಲೆ ಕತ್ತು ಚಾಚಿ ಒಬ್ಬರ ಮುಖ ಒಬ್ಬರು ನೆಕ್ಕುತ್ತಿದ್ದರು.

ಸುದ್ದಿ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ಗೋಡೆಯ ಮೇಲೆ ಅತ್ತೊಂದು ಕಾಲು ಇತ್ತೊಂದು ಕಾಲು ಹಾಕಿ ಕೂರುತ್ತಿದ್ದೆ. ಆ ಮೊಂಡನಿಗೆ ನನ್ನ ಉಳಿ ಕೊಡೋಕೆ ಹೇಳು ಅಂತ ಅಪ್ಪ ಅಂದರೆ, ಮೊಂಡನನ್ನು ನುಂಗಿಕೊಂಡು ಉಳಿಯನ್ನು ಮಾತ್ರ ದಾಟಿಸುತ್ತಿದ್ದೆ. ಅದಕ್ಕೆ ಕೂಲಿಯೆಂದು ಎರಡೂ ಮನೆಯಿಂದ ಮಡಿಲಿಗೆ ಹುರಿಗಡಲೆ ಬೀಳುತ್ತಿತ್ತು. ಬಿಸಿ ಬಿಸಿ, ಘಮ್ಮೆನ್ನುವ ಹುರಿಗಡಲೆ! ನನಗಂತೂ ಆ ಜಗಳ ಬಹಳ ಹಿತವಾಗಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಸುಲ್ತಾನರ ಫಿರಂಗಿಯೊಂದು ಕೆರೆ ಏರಿಯ ಮೇಲೆ ಚಕ್ರ ಮುರಿದುಕೊಂಡು ಕೂತಿತು. ಅದನ್ನು ಎಳೆಯುತ್ತಿದ್ದ ಎತ್ತುಗಳು ಬಾಯಲ್ಲಿ ನೊರೆ ಸುರಿಸುತ್ತ ನಿಂತಿದ್ದವು. ಫಿರಂಗಿಯ ಜೊತೆಗಿದ್ದ ದಫೇದಾರ ಮುರಿದ ಚಕ್ರವನ್ನು ನಮ್ಮ ಅಂಗಳಕ್ಕೆ ಉರುಳಿಸಿಕೊಂಡು ಬಂದ. ಸುತ್ತಿನ ಮರ ಒಡೆದಿತ್ತು, ಅದರ ಮೇಲಿನ ಕಬ್ಬಿಣದ ಪಟ್ಟೆ ಬಿಟ್ಟುಕೊಂಡಿತ್ತು. ಅವನ ಕಣ್ಣು ಮೊದಲು ಕೆಂಪನ ಮೇಲೆ, ಆಮೇಲೆ ಬೋಳನ ಮೇಲೆ ಬಿತ್ತು.

“ಹೊತ್ತು ಮುಳುಗೋದ್ರೊಳಗೆ ಚಕ್ರ ಆಗ್ಬೇಕು. ಇಲ್ದಿದ್ರೆ ಈ ಜೋಡೀನೂ ಫಿರಂಗಿಗೆ ಕಟ್ಕೊಂಡು ಹೋಗ್ತೀವಿ,” ಅಂದ.

ಫಿರಂಗಿಗೆ ಹೋದ ಎತ್ತು ತಿರುಗಿ ಬಂದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ನನಗೆ ಅಳು ಒತ್ತರಿಸಿಕೊಂಡು ಬಂತು. ಹೋಗಿ ಕೆಂಪನ ಕೊರಳು ತಬ್ಬಿಕೊಂಡು ನಿಂತೆ.

ಮರದ ಕೆಲಸವನ್ನು ಅಪ್ಪ ಗೋಡೆಯ ಈಚೆ ಮುಗಿಸಿದರು, ಪಟ್ಟೆಯನ್ನು ದೊಡ್ಡಪ್ಪ ಆಚೆ ಬಡಿದು ಸರಿಮಾಡಿದರು. ಅಲ್ಲಿಯವರೆಗೆ ಮಾತು ಬೇಕಿರಲಿಲ್ಲ. ಆದರೆ ಪಟ್ಟೆಯನ್ನು ಚಕ್ರಕ್ಕೆ ತೊಡಿಸಲು ಇಬ್ಬರೂ ಬೇಕು. ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾದ ಪಟ್ಟೆ ಹಿಗ್ಗಿರುತ್ತದೆ. ಅದನ್ನು ಎರಡು ಕಡೆಯಿಂದ ಇಕ್ಕಳದಲ್ಲಿ ಹಿಡಿದು ಕೂರಿಸಿ, ಬಡಿದು, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯಬೇಕು. ಆಗ ಪಟ್ಟೆ ಕುಗ್ಗಿ ಚಕ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸ್ವಲ್ಪ ತಡವಾದರೂ ಕೆಲಸ ಕೆಟ್ಟಿತು.

ಇಬ್ಬರೂ ಎದುರುಬದುರು ನಿಂತು ಪಟ್ಟೆ ಎತ್ತಿದರು. ಅಪ್ಪ ನನ್ನ ಕಡೆ ತಿರುಗಿ, ಆ ಮನುಷ್ಯನಿಗೆ ಬಲಕ್ಕೆ ತಗ್ಗಿಸೋಕೆ ಹೇಳು ಅಂದರು. ನಾನು ಹೇಳಿದೆ. ಯಾರ ಬಲಕ್ಕೆ ಅಂತ ಕೇಳು ಅಂದರು ದೊಡ್ಡಪ್ಪ. ನಾನು ಕೇಳಿದೆ. ಅಷ್ಟರಲ್ಲಿ ಒಂದು ಕಡೆ ಮರ ಸುಟ್ಟು ಹೊಗೆಯೆದ್ದಿತು, ಇನ್ನೊಂದು ಕಡೆ ಪಟ್ಟೆ ತಣ್ಣಗಾಗಿ ಸೊಟ್ಟಗೆ ನಿಂತಿತು. ಬಿಸಿಲು ಇಳಿಯುತ್ತಿತ್ತು. ದಫೇದಾರ ಎದ್ದು ಹೋಗಿ ಬೋಳನ ಹಗ್ಗದ ಗಂಟು ಮುಟ್ಟಿ ನೋಡಿದ.

ಪಟ್ಟೆಯನ್ನು ಕಿತ್ತು ಮತ್ತೆ ಬೆಂಕಿಗೆ ಹಾಕಿದರು. ನಾನು ಹೆದರಿಕೆಗೆ ಮಡಿಲಲ್ಲಿದ್ದ ಹುರಿಗಡಲೆಯನ್ನೆಲ್ಲ ಬಾಯಿಗೆ ತುಂಬಿಕೊಂಡಿದ್ದೆ. ಅವರು ಪಟ್ಟೆ ಎತ್ತುವುದಕ್ಕೂ ಬೆರಣಿಯ ಹೊಗೆ ನನ್ನ ಮೂಗಿಗೆ ನುಗ್ಗುವುದಕ್ಕೂ ಸರಿಹೋಯಿತು. ಕಡಲೆ ನೆತ್ತಿಗೆ ಹತ್ತಿತು. ಹೇಳು ಹೇಳು ಅಂತ ಅಪ್ಪ ಅವಸರಪಡಿಸಿದರೆ ನನ್ನ ಬಾಯಿಂದ ಬರೀ ಕೆಮ್ಮು, ಕಣ್ಣಲ್ಲಿ ನೀರು. ಅತ್ತ ಮರ ಹೊಗೆಯಾಡತೊಡಗಿತು.

“ಅಣ್ಣ, ನಿನ್ ಕಡೆ ತಗ್ಗಿಸು,” ಅಂದರು ಅಪ್ಪ.

“ತಗ್ಗಿಸ್ಬುಟ್ಟೆ ಕಣ್ಲಾ, ನೀನು ಬಡಿ,” ಅಂದರು ದೊಡ್ಡಪ್ಪ.

ಪಟ್ಟೆ ಠಣ್ಣೆಂದು ಕೂತಿತು. ನೀರು ತುಂಬಿಟ್ಟುಕೊಂಡು ಕಾಯುತ್ತಿದ್ದ ನನ್ನಕ್ಕ ಕೊಡದ ಮೇಲೆ ಕೊಡ ಸುರಿದಳು. ಅಂಗಳ ತುಂಬ ಹಬೆಯೆದ್ದು ಯಾರಿಗೆ ಯಾರೂ ಕಾಣಲಿಲ್ಲ. ಹಬೆ ಕರಗಿದಾಗ ಇಬ್ಬರೂ ಮಸಿ ಮುಖ ಮಾಡಿಕೊಂಡು, ಒಂದೇ ಚಕ್ರ ಹಿಡಿದು ನಿಂತಿದ್ದರು. ಮಾತಾಡಿಬಿಟ್ಟೆವಲ್ಲ ಅಂತ ಇಬ್ಬರಿಗೂ ನಾಚಿಕೆ.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, “ಮರ ಚೆನ್ನಾಗದೆ,” ಅಂದರು.

ಅಪ್ಪ ಚಕ್ರವನ್ನೇ ನೋಡುತ್ತ, “ಕಬ್ಬಿಣಾನೂ ಅಂಗೇ ಅದೆ,” ಅಂದರು.

ದಫೇದಾರ ಚಕ್ರ ಉರುಳಿಸಿಕೊಂಡು ಹೋದ, ಎತ್ತುಗಳು ಉಳಿದವು. ಮರುದಿನವೇ ಗೋಡೆ ಕೆಡವಿ ಕೆಂಪನನ್ನೂ ಬೋಳನನ್ನೂ ಒಂದೇ ನೊಗಕ್ಕೆ ಹೂಡಿದರು. ಯಾರೂ ಮಲಗಲಿಲ್ಲ. ನಿಮ್ಮ ಮೇಷ್ಟರು ಹೇಳಿದ ಮೂರು ಅರ್ಥವೂ ಅವತ್ತು ನಮ್ಮ ಅಂಗಳದಲ್ಲೇ ಇದ್ದವು. ಆ ಪದ ಮಾತ್ರ ನಮಗೆ ಗೊತ್ತಿರಲಿಲ್ಲ. ಎಲ್ಲರಿಗೂ ಸಂತೋಷವಾಯಿತು. ನನಗೊಬ್ಬಳಿಗೆ ಹುರಿಗಡಲೆ ನಿಂತಿತು.

ಈಗ ಆ ಸುಲ್ತಾನರೂ ಇಲ್ಲ, ಆ ಫಿರಂಗಿಯೂ ಇಲ್ಲ. ನಿಮ್ಮ ಕಾಲದಲ್ಲಿ ಊರಿಂದ ಊರಿಗೆ ತಂತಿಯ ಮೇಲೆ ಕ್ಷಣದಲ್ಲಿ ಸುದ್ದಿ ಹೋಗುತ್ತದಂತೆ, ಆಗಲಿ, ಒಳ್ಳೆಯದೇ. ಆದರೆ ಒಂದೇ ಚಾಪೆಯ ಮೇಲೆ ಕೂತಿರುವ ನೀವಿಬ್ಬರು, ಒಂದು ಚೂರು ಬಳಪಕ್ಕೆ ಕಿತ್ತಾಡಿ, ಬೆಳಿಗ್ಗೆಯಿಂದ ಅವನಿಗೆ ಹೇಳಜ್ಜಿ, ಇವನಿಗೆ ಹೇಳಜ್ಜಿ ಅನ್ನುತ್ತಿದ್ದೀರಿ. ಟೀಮು ಅನ್ನುವ ಪದವನ್ನು ಮನೆಗೆ ತಂದವರೂ ನೀವೇ. ನನ್ನಿಂದ ಆಗದಪ್ಪ, ನಿಮ್ಮ ಮಾತು ನೀವೇ ಆಡಿಕೊಳ್ಳಿ. ಹುರಿಗಡಲೆ ಕೊಡುತ್ತೀವಿ ಅಂದರೂ, ಕಡಿಯೋಕೆ ನನಗೆ ಹಲ್ಲೆಲ್ಲಿದೆ?