ಭಾವನ ಕರಿ ಕಾರಿನ ಗೀರುಗಳು

ಇವತ್ತು ಭಾನುವಾರ. ಬೆಳಿಗ್ಗೆ ಲಿಫ್ಟಿನ ಬಾಗಿಲು ತೆರೆದದ್ದೇ ತಡ, ಪಾಲಿಶಿನ ವಾಸನೆ ಮೂಗಿಗೆ ಬಡಿಯಿತು. ಠಾಕುರ್ಲಿಯ ನಮ್ಮ ಸೊಸೈಟಿಗೆ ಹೊಸದಾಗಿ ಬಂದ ಬಾಡಿಗೆದಾರರು ಪಾರ್ಕಿಂಗಿನಲ್ಲಿ ತಮ್ಮ ಕಾರಿಗೆ ಮಶಿನ್ ಹಿಡಿಸಿ ಉಜ್ಜಿಸುತ್ತಿದ್ದರು. ಅರ್ಧ ಸೀಮೆಎಣ್ಣೆ, ಅರ್ಧ ಹೊಸ ಚಪ್ಪಲಿಯಂಥ ಆ ವಾಸನೆ ಬೇರೆಯವರಿಗೆ ಹಿತವಾಗಿರಬಹುದು. ನಾನು ಮಾತ್ರ ಮತ್ತೆ ಮೇಲೆ ಹೋಗಿ ಗ್ಯಾಸಿನ ನಾಬ್ ಆಫ್ ಆಗಿದೆಯೇ ಎಂದು ನೋಡಿ ಬಂದೆ. ಪಾಲಿಶಿಗೂ ಗ್ಯಾಸಿಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ, ನನ್ನ ಹೆಂಡತಿಯೂ ಅದನ್ನೇ ಕೇಳುತ್ತಾಳೆ. ಹೆದರಿಕೆ ಹುಟ್ಟುಗುಣವಾದವನಲ್ಲಿ ಒಂದು ಭಯ ಎದ್ದರೆ ಅಕ್ಕಪಕ್ಕದ ಭಯಗಳೂ ಎದ್ದು ಕೂರುತ್ತವೆ, ಅಷ್ಟೇ.

ಆ ವಾಸನೆಯ ಜೊತೆ ನನಗೆ ನೆನಪಾಗುವುದು ಭಾವ, ನನ್ನ ಅಕ್ಕನ ಗಂಡ. ಉಡುಪಿ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು, ಯಾರದೋ ಹೋಟೆಲಿನಲ್ಲಿ ಟೇಬಲ್ ಒರೆಸಿ, ಆಮೇಲೆ ಡೊಂಬಿವಲಿಯಲ್ಲಿ ಸ್ವಂತ ಹೋಟೆಲು ಮಾಡಿದವರು. ಯಾರ ಮಾತನ್ನೂ ನಂಬದ ಆಸಾಮಿ. ಸಾಂಬಾರಿಗೆ ಉಪ್ಪು ಸರಿಯಿದೆ ಎಂದು ಅಡುಗೆಯವರು ಹೇಳಿದರೂ ತಾವೇ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಬೇಕು. ಕಾರು ಕೊಳ್ಳುವಾಗ ಇಡೀ ಬಳಗ ಬಿಳಿ ಬಣ್ಣ ತೆಗೆದುಕೊಳ್ಳಿ ಎಂದಿತು; ನಮ್ಮ ಧೂಳಿಗೆ ಕರಿ ಬಣ್ಣ ಆಗುವುದಿಲ್ಲ ಎಂದು ನಾನೂ ನನ್ನ ಪಾಲಿನ ಭಯ ಸೇರಿಸಿದೆ. ಭಾವ ಕರಿ ಕಾರನ್ನೇ ತಂದರು. ಅದರ ಗತ್ತೇ ಬೇರೆಯಂತೆ.

ಗತ್ತೇನೋ ಸರಿ, ಒರೆಸುವುದು ಹೇಗೆ? ಹೋಟೆಲಿನವರ ಹತ್ತಿರ ಬಟ್ಟೆಗೇನು ಬರ! ಇಡ್ಲಿ ಬೇಯಿಸಿ ಬೇಯಿಸಿ ಸವೆದ ಬಿಳಿ ಪಂಚೆಯ ತುಂಡುಗಳನ್ನು ಒಗೆದು ಇಟ್ಟಿದ್ದರು, ಮಗುವಿನ ಮೈ ಒರೆಸುವಷ್ಟು ಮೆತ್ತಗಿದ್ದವು. ದಿನಾ ಬೆಳಿಗ್ಗೆ ಭಾವ ಒಣ ಧೂಳಿನ ಮೇಲೇ ಅವನ್ನು ಹಿಡಿದು ಉಜ್ಜುತ್ತಿದ್ದರು. ಅದೂ ಹೇಗೆ? ಗುಂಡಗೆ, ಸುತ್ತು ಸುತ್ತಾಗಿ, ಗಿರಾಕಿ ಎದ್ದು ಹೋದ ಟೇಬಲ್ಲನ್ನು ಒರೆಸುವ ಹಾಗೆ. ಮಾಲೀಕರಾಗಿ ಎಷ್ಟು ವರ್ಷವಾದರೇನು, ಕೈ ಕಲಿತದ್ದನ್ನು ಬಿಡಲಿಲ್ಲ.

ವರ್ಷ ಕಳೆಯುವಷ್ಟರಲ್ಲಿ ಕಾರಿನ ಮೈತುಂಬ ಕೂದಲೆಳೆಯ ಗೀರುಗಳು. ನೆರಳಿನಲ್ಲಿ ಕಾಣುತ್ತಿರಲಿಲ್ಲ. ಬಿಸಿಲೋ ಬಲ್ಬೋ ಬಿತ್ತೆಂದರೆ, ಆ ಬೆಳಕಿನ ಸುತ್ತ ಬಳೆಬಳೆಯಾಗಿ ಜೇಡರ ಬಲೆಯಂತೆ ಎದ್ದು ಕಾಣುತ್ತಿದ್ದವು. ಡೊಂಬಿವಲಿಯಲ್ಲೇ ಪಾಲಿಶ್ ಮಾಡುವ ಒಬ್ಬನ ಬಳಿಗೆ ಒಯ್ದೆವು. ಗೀರು ಹೋಗುವುದೆಂದರೆ ಬಣ್ಣದ ಮೇಲಿನ ತೆಳು ಪದರವನ್ನು ಗೀರಿನ ಆಳದ ತನಕ ಸವೆಸುವುದು ಎಂದು ಅವನು ಹಿಂದಿಯಲ್ಲಿ ವಿವರಿಸಿದ. ನನಗೆ ಅಷ್ಟು ಸಾಕಾಯಿತು. ಹಾಗಾದರೆ ಪದರ ಮುಗಿದರೆ? ಮುಗಿದರೆ ಮತ್ತೆ ಪೇಂಟೇ ಗತಿ ಎಂದ. ಅಂದಿನಿಂದ ಭಾವನಿಗಿಂತ ಹೆಚ್ಚಾಗಿ ಆ ಪದರದ ಚಿಂತೆ ನನಗೆ ಹತ್ತಿತು.

ಸಂಜೆ ಕಾರು ಕನ್ನಡಿಯಾಗಿ ಬಂತು. ಅಕ್ಕ ಅದರಲ್ಲಿ ಮುಖ ನೋಡಿಕೊಂಡು ತಲೆ ಸರಿಮಾಡಿಕೊಂಡಳು. ಭಾವ ಮಾತ್ರ ಪಾರ್ಕಿಂಗಿನ ದೀಪದ ಕೆಳಗೆ ಬಗ್ಗಿ ನೋಡಿ, ಗೀರು ಹಾಗೆಯೇ ಉಂಟು ಎಂದರು. ನನಗೆ ಒಂದೂ ಕಾಣಲಿಲ್ಲ. ನನ್ನ ಮಾತನ್ನು ನಂಬುವವರೇ ಅವರು? ಮುಂದಿನ ತಿಂಗಳು ಕಲ್ಯಾಣದಲ್ಲಿ ಇನ್ನೊಬ್ಬನ ಕೈಯಲ್ಲಿ ಉಜ್ಜಿಸಿದರು. ಅವತ್ತು ಸಂಜೆಯೂ ಅದೇ ಮಾತು. ಈ ಪಾಲಿಶಿನವರಿಂದಾಗಿಯೇ ತನಗೆ ಸಂಜೆ ಹೊತ್ತು ತಲೆಸಿಡಿತ ಎಂದು ಬೇರೆ ಬೈದರು. ಆಮೇಲೆ ಯಾರೋ ಕಾಮೋಠೆಯ ಒಬ್ಬನನ್ನು ಹೊಗಳಿದರು. ಹೊರಡು ಎಂದರು ಭಾವ. ಈ ಸಲ ಪದರ ಹರಿದೇ ಹೋಗುತ್ತದೆ ಎಂಬುದೇ ದಾರಿಯುದ್ದಕ್ಕೂ ನನ್ನ ಚಿಂತೆ.

ಕಾಮೋಠೆಯವನು ಟಾರ್ಚು ಹಿಡಿದು ಸುತ್ತಲೂ ನೋಡಿ, ಮೈಯಲ್ಲಿ ಗೀರೇ ಇಲ್ಲ, ಎಲ್ಲಿ ಉಜ್ಜಲಿ ಎಂದುಬಿಟ್ಟ. ಭಾವ ಸಿಟ್ಟಿನಲ್ಲಿ ಕಾರು ತಿರುಗಿಸಿದರು. ಶೀಳ್ ರಸ್ತೆಗೆ ಬರುವಷ್ಟರಲ್ಲಿ ಮುಸ್ಸಂಜೆ. ಎದುರಿನಿಂದ ಟ್ರಕ್ಕುಗಳ ಸಾಲು. ಭಾವ ಕಣ್ಣು ಕಿರಿದು ಮಾಡಿ, "ಗ್ಲಾಸಿಗೂ ಬಿದ್ದಿದೆ ಮಾರಾಯ," ಎಂದರು.

"ಎಲ್ಲಿ ಭಾವ?"

"ಎದುರಿನ ಲೈಟ್ ನೋಡು. ಸುತ್ತ ಬಣ್ಣದ ಬಳೆ ಕಾಣುದಿಲ್ವಾ ನಿಂಗೆ?"

ಗಾಜು ಶುಭ್ರವಾಗಿತ್ತು. ಎಡಗಡೆಯಿಂದ ನುಗ್ಗಿದ ರಿಕ್ಷಾವೊಂದನ್ನು ಅವರು ನೋಡಲೇ ಇಲ್ಲ. ನಾನು ಕೂಗಿಕೊಂಡ ಮೇಲೆ ಬ್ರೇಕು ಬಿತ್ತು. ನನ್ನ ಜೀವಮಾನದ ಭಯಗಳೆಲ್ಲ ಸುಳ್ಳಾಗಿದ್ದವು, ಇದೊಂದು ಮಾತ್ರ ಸುಳ್ಳಾಗದು ಎಂದು ಆ ಗಳಿಗೆಗೆ ಅನ್ನಿಸಿತು. ಚಹಾ ಕುಡಿಯೋಣ ಎಂದು ಸುಳ್ಳು ನೆಪ ಹೇಳಿ ನಿಲ್ಲಿಸಿದೆ. ರಸ್ತೆಬದಿಯ ಚಹಾದ ಟಪರಿಯ ಮುಂದೆ, ನಡುವೆ ಗಾಜೂ ಇಲ್ಲದೆ ಕಾರೂ ಇಲ್ಲದೆ, ಬರಿ ಬಲ್ಬೊಂದು ತೂಗುತ್ತಿತ್ತು.

"ಭಾವ, ಆ ಬಲ್ಬಿಗೂ ಉಂಟಾ?"

ಅವರು ತುಂಬ ಹೊತ್ತು ನೋಡಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು.

"ಉಂಟು," ಎಂದರು. ಚಹಾ ಮುಟ್ಟಲಿಲ್ಲ. ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟು, ಬಾಗಿಲಿಗಾಗಿ ತಡವರಿಸುತ್ತ ಹೋಗಿ ಆಚೆ ಬದಿ ಕುಳಿತರು. ಅಂಥ ಮನುಷ್ಯ ನನ್ನ ಡ್ರೈವಿಂಗನ್ನು ನಂಬಿ ಸುಮ್ಮನೆ ಕುಳಿತದ್ದು ನೋಡಿ ನನಗೆ ಅಳು ಬಂತು.

ಠಾಣೆಯ ಕಣ್ಣಿನ ಡಾಕ್ಟರು ಕಣ್ಣೊಳಗಿನ ಒತ್ತಡ ವಿಪರೀತ ಏರಿದೆ ಎಂದರು. ಎಡಗಣ್ಣಿನ ನೋಟ ಅಂಚಿನಿಂದ ಸವೆಯುತ್ತ ಬಂದಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡೋಣ ಎಂದು ಲೇಸರ್ ಮಾಡಿ ಹನಿ ಬರೆದುಕೊಟ್ಟರು. ಭಾವ ಕೇಳಿದ್ದು ಒಂದೇ, ಇದಕ್ಕೆ ಪಾಲಿಶ್ ಇಲ್ಲವಾ ಎಂದು. ಡಾಕ್ಟರು ನಕ್ಕರು. ನಾನೂ ಅಕ್ಕನೂ ನಗಲಿಲ್ಲ.

ಈಗ ಭಾನುವಾರಗಳಲ್ಲಿ ಕಾರನ್ನು ತೊಳೆಯುವವನೂ ಓಡಿಸುವವನೂ ನಾನು. ನೀರು ಹೊಯ್ದು, ಉದ್ದುದ್ದ ಒರೆಸುತ್ತೇನೆ. ಭಾವ ಪಕ್ಕದಲ್ಲಿ ನಿಂತಿರುತ್ತಾರೆ. ಕೆಲವು ದಿನ ಬಳೆಗಳು ಕಾಣುತ್ತಿಲ್ಲ ಎನ್ನುತ್ತಾರೆ. ಅಕ್ಕನಿಗೆ ಸಮಾಧಾನವಾಗಲೆಂದು ಹಾಗನ್ನುತ್ತಾರೋ ಎಂಬುದು ನನ್ನ ಸದ್ಯದ ಭಯ.

ಇವತ್ತೂ ಭಾವನ ಮನೆಗೆ ಹೋಗಿ ತೊಳೆದೆ. ಒರೆಸಿ ಮುಗಿಸುವಾಗ ಭಾವ ಕೇಳಿದರು, "ಗೀರು ಉಂಟಾ?"

ಇತ್ತು. ಎಡಬಾಗಿಲ ಮೇಲೆ, ಯಾರದೋ ಸ್ಕೂಟರು ಎಳೆದ ಹೊಸ ಗೀರು. ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಯಾರನ್ನೂ ನಂಬದವರು ಈಗ ನನ್ನನ್ನು ಕೇಳಿ ತಿಳಿಯುತ್ತಿದ್ದಾರೆ ಎಂದು ನೆನಪಾಗಿ, "ಉಂಟು ಭಾವ, ಹಿಡಿಕೆಯ ಕೆಳಗೆ," ಎಂದೆ.

ಅವರು ಬಂದು, ಉಗುರಿನಿಂದ ತಡವಿ, ಸಿಕ್ಕಿದ ಕಡೆ ಬೆರಳು ನಿಲ್ಲಿಸಿದರು. ಮತ್ತೊಮ್ಮೆ ಎಳೆದು ನೋಡಿದರು. ಮುಖ ಅರಳಿತು.

"ಹೌದು ಮಾರಾಯ, ಇದು ಕಾರಿನದ್ದೇ," ಎಂದರು. "ಇರ್ಲಿ ಬಿಡು." ಅದೇ ಬಾಗಿಲು ತೆರೆದು, ನನ್ನ ಪಕ್ಕದ ಸೀಟಿನಲ್ಲಿ ಕುಳಿತರು.