ಚಟ್ನಿಪುಡಿ ಡಬ್ಬದ ನಟ್ಟುಗಳು

ಪೆಟ್ಟು ತಿಂದವಳು ಅವಳೊಬ್ಬಳೇ. ಕಾರಿನ ಗಾಲಿಯ ರಿಮ್ ಕೊಟ್ಟವರಿಗೆ, ಅದನ್ನು ಜೋಡಿಸಿದ ಅಂಗಡಿಗೆ, ಸುಮ್ಮನಿರು ಎಂದ ನನಗೆ ಏನೂ ಆಗಲಿಲ್ಲ. ಇಷ್ಟನ್ನು ಮೊದಲು ಹೇಳದೆ ಉಳಿದದ್ದನ್ನು ಬರೆಯುವ ಹಕ್ಕು ನನಗಿಲ್ಲ.

ಎರಡು ಸಾವಿರದ ಹತ್ತರ ದಶಕದ ನಡುವಿನ ಒಂದು ಜನವರಿ. ಧಾರವಾಡದ ಆ ಹುಡುಗಿ ಹ್ಯೂಸ್ಟನ್‌ನಲ್ಲಿ ಓದು ಮುಗಿಸಿ, ಮಿನ್ನೆಸೋಟಾದಲ್ಲಿ ನೀರು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸ ಹಿಡಿದಿದ್ದಳು. ಓದು ಮುಗಿಸಿದ ವಿದೇಶಿ ವಿದ್ಯಾರ್ಥಿ ಕೆಲಸವಿಲ್ಲದೆ ಇರಲು ಅಮೆರಿಕ ಕೊಡುವ ದಿನಗಳು ಎಣಿಕೆಯವು. ಅವಳಿಗೆ ಉಳಿದಿದ್ದದ್ದು ಒಂದು ವಾರ. ಸೋಮವಾರ ಹಾಜರಾಗದಿದ್ದರೆ ಊರಿಗೆ ಹಿಂತಿರುಗಬೇಕು. ಹಿಮ ಬೀಳುವ ಆ ಸೀಮೆಗೆ ಚಳಿಗಾಲದ ಟೈರು ಬೇಕು. ಟೆಕ್ಸಸ್‌ನ ಅಂಗಡಿಗಳಲ್ಲಿ ಅದನ್ನು ಕೇಳುವವರೂ ಕಡಿಮೆ, ಇಡುವವರೂ ಕಡಿಮೆ.

ನಮ್ಮ ಕನ್ನಡ ಬಳಗದ ಇಮೇಲ್ ಪಟ್ಟಿಯಲ್ಲಿ ಮಾತ್ರ ಸಿಗದ ವಸ್ತುವಿರಲಿಲ್ಲ. ಊರು ಬಿಡುವವರ ಹಾಸಿಗೆ, ಕುಕ್ಕರು, ತೊಟ್ಟಿಲು ಹೊಸದಾಗಿ ಬಂದವರ ಮನೆ ಸೇರುತ್ತಿದ್ದವು. ಆಸ್ಟಿನ್‌ನಲ್ಲಿ ಕುಳಿತು ಆ ಪಟ್ಟಿಯನ್ನು ನಡೆಸುತ್ತಿದ್ದವಳು ನಾನು. ಕೊಟ್ಟದ್ದನ್ನು ತಿರುಗಿಸಿ ಮುರುಗಿಸಿ ನೋಡಿದರೆ ಕೊಟ್ಟವರಿಗೆ ಅವಮಾನ ಎಂಬ ಕಟ್ಟಳೆಯನ್ನು ಯಾರೂ ಬರೆದಿರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದೆವು. ಹಿಮ ಬೀಳುವ ಮಿಶಿಗನ್ ಬಿಟ್ಟು ಡಲ್ಲಾಸ್ ಬಳಿಯ ಲಿಟಲ್ ಎಲ್ಮ್‌ಗೆ ಬಂದಿದ್ದ ಮೈಸೂರಿನ ಅಂಕಲ್ ಒಬ್ಬರ ಗರಾಜಿನಲ್ಲಿ, ರಿಮ್‌ಗೆ ಕೂರಿಸಿಟ್ಟ ನಾಲ್ಕು ಚಳಿಗಾಲದ ಟೈರುಗಳು ಹಾಗೆಯೇ ಇದ್ದವು. ಕೊಡುತ್ತೇನೆ ಎಂದರು. ಹುಡುಗಿ ಸಾಮಾನು ತುಂಬಿಕೊಂಡು ಹ್ಯೂಸ್ಟನ್‌ನಿಂದ ನಮ್ಮ ಮನೆಗೆ ಬಂದಳು. ಮರುದಿನ ನಾನೂ ಅವಳ ಜೊತೆ ಲಿಟಲ್ ಎಲ್ಮ್‌ಗೆ ಹೊರಟೆ.

ಅವಳು ಅಳತೆಪಟ್ಟಿ ತಂದಿದ್ದಳು. ಗರಾಜಿನ ನೆಲದ ಮೇಲೆ ಕುಳಿತು ಒಂದೊಂದು ರಿಮ್‌ನ ನಡುವಿನ ತೂತನ್ನೂ ಬೋಲ್ಟಿನ ತೂತುಗಳ ನಡುವಿನ ಅಂತರವನ್ನೂ ಅಳೆದು ಕಾರಿನ ಪುಸ್ತಕದೊಂದಿಗೆ ಹೋಲಿಸಿದಳು. ಅಂಕಲ್ ನಕ್ಕರು.

“ಐದು ತೂತಿದೆ, ಐದು ಬೋಲ್ಟಿದೆ. ಇನ್ನೇನು ಜಾತಕಾನೂ ನೋಡ್ಬೇಕಾ ಮಗೂ?”

ನಾನೂ ನಕ್ಕೆ. ಅವಳು ಅಳತೆಪಟ್ಟಿಯನ್ನು ಸುತ್ತಿ ಚೀಲಕ್ಕೆ ಹಾಕಿದಳು. ಈ ರಿಮ್‌ಗಳ ನಟ್ಟುಗಳೆಲ್ಲಿ ಎಂದು ಆಮೇಲೆ ಮೆಲ್ಲಗೆ ಕೇಳಿದ್ದಕ್ಕೆ, ಮನೆ ಬದಲಿಸುವಾಗ ಎಲ್ಲೋ ಹೋದವು, ನಿನ್ನ ಕಾರಿನವೇ ಸಾಕು ಎಂದರು.

ರಿಮ್ ಕೂರಿಸಲು ಹೋದ ಟೈರು ಅಂಗಡಿಯಲ್ಲಿ ಅವಳು ಮತ್ತೆ ಬಗ್ಗಿ ನೋಡಿದಳು. “ಅಕ್ಕಾ, ನನ್ನ ನಟ್ಟಿನ ತಳ ಗುಂಡಗ ಅದರಿ. ಈ ರಿಮ್ಮಿನ ತೂತು ನೋಡ್ರಿ, ಲಾಳಿಕಿ ಬಾಯಿ ಹಂಗ ಅದ. ಎರಡೂ ಕೂಡ್ತಾವೇನ್ರಿ?”

ಅದನ್ನು ಅಂಗಡಿಯ ಮೇಲ್ವಿಚಾರಕನಿಗೂ ಇಂಗ್ಲಿಷಿನಲ್ಲಿ ಕೇಳಿದಳು. ಅವನು ಕೌಂಟರಿನಿಂದ ಏಳದೆಯೇ, ತೂತು ಹೊಂದಿದರೆ ಸಾಕು ಎಂದ. ಅವಳು ನನ್ನ ಮುಖ ನೋಡಿದಳು. ಅಂಕಲ್ ಪಕ್ಕದಲ್ಲೇ ನಿಂತಿದ್ದರು. ನಾನು ದನಿ ತಗ್ಗಿಸಿ ಹೇಳಿದೆ:

“ದಿನಾ ಮಾಡೋ ಕೆಲಸ ಅವರದು, ಸುಮ್ನಿರು ಪುಟ್ಟಾ. ಹೀಗೆಲ್ಲ ಅನುಮಾನಪಟ್ರೆ ಅಂಕಲ್ ಏನಂದ್ಕೋತಾರೆ?”

ಅಸಮಾನತೆಯ ವಿರುದ್ಧ ಸಭೆಗಳಲ್ಲಿ ಮಾತನಾಡುತ್ತಿದ್ದ ನನ್ನ ಬಾಯಿಂದಲೇ ಈ ಮಾತು ಬಂತು. ತಿಳಿದು ಪ್ರಶ್ನಿಸಿದ ಹೆಣ್ಣುಮಗಳನ್ನು, ತಿಳಿಯದ ಇಬ್ಬರು ಗಂಡಸರ ಮರ್ಯಾದೆಗಾಗಿ ನಾನು ಸುಮ್ಮನಾಗಿಸಿದೆ. ಸ್ವಲ್ಪ ದೂರ ಓಡಿಸಿದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿಸಬೇಕೆಂಬ ಸೂಚನೆ ಬಿಲ್ಲಿನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಇತ್ತಂತೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನು ಬಸ್ಸಿನಲ್ಲಿ ಆಸ್ಟಿನ್‌ಗೆ ಮರಳಿದೆ. ಅವಳು ಉತ್ತರಕ್ಕೆ ಹೊರಟಳು.

ಒಕ್ಲಹೋಮಾದ ಹೆದ್ದಾರಿಯಲ್ಲಿ ಮುಂದಿನ ಎಡಗಾಲಿ ಕಳಚಿತು. ಗುಂಡು ತಳದ ನಟ್ಟು ಲಾಳಿಕೆಯಂಥ ತೂತಿನಲ್ಲಿ ಅಂಚಿನಷ್ಟೇ ತಾಗಿ ನಿಂತು, ಓಡುತ್ತ ಓಡುತ್ತ ಸಡಿಲವಾಗಿತ್ತು. ಕಾರು ತಡೆಗೋಡೆಗೆ ಬಡಿಯಿತು. ಅವಳ ಬಲಗೈಯ ಮಣಿಕಟ್ಟು ನುಚ್ಚಾಯಿತು. ಎರಡು ಶಸ್ತ್ರಚಿಕಿತ್ಸೆಗಳ ನಡುವೆ ಸೋಮವಾರ ಕಳೆದುಹೋಯಿತು. ಪ್ರಯೋಗಾಲಯದವರು ಮರುಕದ ಪತ್ರ ಬರೆದು ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು.

ಅವಳು ಊರಿಗೆ ಹಿಂತಿರುಗಿದ ದಿನ ಹ್ಯೂಸ್ಟನ್ ವಿಮಾನ ನಿಲ್ದಾಣದಲ್ಲಿ ಅವಳ ಚೀಲವನ್ನು ನಾನು ಹಿಡಿದಿದ್ದೆ. ನಾನು ಕ್ಷಮೆ ಕೇಳಿದೆ. ಅವಳು ಸಿಟ್ಟಾಗಲಿಲ್ಲ. “ನಾ ಕೇಳಿದ್ನೆಲ್ರಿ, ಅಕ್ಕಾ,” ಎಂದಳು. ಎಡಗೈಯಿಂದ ಚೀಲವನ್ನು ಇಸಿದುಕೊಂಡು ಸಾಲಿನಲ್ಲಿ ನಿಂತಳು.

ವಸಂತದಲ್ಲಿ ಆ ಅಂಕಲ್ ಒಬ್ಬರೇ ಕಾರು ಓಡಿಸಿಕೊಂಡು ನಮ್ಮ ಮನೆಗೆ ಬಂದರು. ಕೊಟ್ಟ ಕಾಫಿ ಕುಡಿಯಲಿಲ್ಲ. ಹಳೆಯ ಚಟ್ನಿಪುಡಿ ಡಬ್ಬವೊಂದನ್ನು ಮೇಜಿನ ಮೇಲಿಟ್ಟು, “ನನ್ನ ಗರಾಜಿನಲ್ಲೇ ಇದ್ವಮ್ಮ,” ಎಂದರು. ಒಳಗೆ ಇಪ್ಪತ್ತು ನಟ್ಟುಗಳು, ಇಳಿಜಾರು ತಳದವು, ಆ ರಿಮ್‌ಗಳಿಗೆಂದೇ ಮಾಡಿದವು. ಒಂದು ಕಪಾಟು ಹುಡುಕುವ ಶ್ರಮವಷ್ಟೇ ಅವಳಿಗೂ ಸೋಮವಾರಕ್ಕೂ ನಡುವೆ ಇದ್ದದ್ದು. ಅಂದಿನಿಂದ ನಮ್ಮ ಪಟ್ಟಿಯಲ್ಲಿ ವಾಹನದ ಬಿಡಿಭಾಗಗಳಿಗೆ ಅವಕಾಶವಿಲ್ಲ. ಅದು ತೀರಾ ತಡವಾದ ನಿಯಮ. ಆ ತಡದ ತಪ್ಪು ನನ್ನದು.

ಅಂಗಡಿಯ ಮಾಲೀಕರೇ, ನಿಮ್ಮ ತಪ್ಪು ನಿಮ್ಮಲ್ಲೇ ಉಳಿದಿದೆ. ಗ್ರಾಹಕರೇ ತಂದ ಬಿಡಿಭಾಗಕ್ಕೆ ನಾವು ಹೊಣೆಯಲ್ಲ ಎಂದು ನೀವು ಅವಳಿಗೆ ಬರೆದಿರಿ. ಅವಳು ತಂದದ್ದು ಬಿಡಿಭಾಗವನ್ನು ಮಾತ್ರವಲ್ಲ, ಸರಿಯಾದ ಪ್ರಶ್ನೆಯನ್ನೂ. ಆ ವಾಕ್ಯವನ್ನು ಹಿಂತೆಗೆದುಕೊಳ್ಳಿ. ಹೊರಗಿನಿಂದ ಬಂದ ಯಾವುದೇ ರಿಮ್ ಕೂರಿಸುವ ಮುನ್ನ ಅದರ ಅಳತೆಗಳನ್ನೂ ನಟ್ಟಿನ ತಳವನ್ನೂ ಕಾರಿನೊಂದಿಗೆ ಹೋಲಿಸಿ, ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ ಕೈಗೆ ಕೊಡಿ, ಹೊಂದದಿದ್ದರೆ ಕೂರಿಸಬೇಡಿ. ಆ ಹಾಳೆಯ ಮೊದಲ ಪ್ರತಿಯನ್ನು ಧಾರವಾಡಕ್ಕೆ, ಅವಳ ಹೆಸರಿಗೆ ಕಳುಹಿಸಿ.